ಚಂದಾದಾರರು ನಿಲ್ಲುತ್ತಿಲ್ಲ, ಯಾರನ್ನ ಏನಂತ ಕೇಳಬೇಕು?

ಟೋಕನ್_ನಂಬರ್
ಸಣ್ಣ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾರುತ್ತಿದ್ದೇವೆ, ತಿಂಗಳಿಗೆ 799 ರೂಪಾಯಿ. ಹೊಸಬರು ಬರುತ್ತಾರೆ, ಮೂರ್ನಾಲ್ಕು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ. ಏನು ಬೇಕು ಅಂತ ಎಲ್ಲರಿಗೂ ಗೂಗಲ್ ಫಾರ್ಮ್ ಕಳಿಸಿದರೆ ತುಂಬಿದವರೇ ಕಮ್ಮಿ, ತುಂಬಿದವರಲ್ಲೂ ಒಬ್ಬರಿಗೆ ವಾಟ್ಸಾಪ್ ರಿಮೈಂಡರ್ ಬೇಕು, ಇನ್ನೊಬ್ಬರಿಗೆ ಬೆಲೆ ಇಳಿಯಬೇಕು. ಪಾರ್ಟ್‌ನರ್ ಅಂತೂ ಇದಕ್ಕೆಲ್ಲ ಖರ್ಚು ಮಾಡುವ ದುಡ್ಡನ್ನ ಜಾಹೀರಾತಿಗೆ ಹಾಕೋಣ ಅನ್ನುತ್ತಾರೆ. ಗ್ರಾಹಕರನ್ನ ಕೇಳಿ ಬಿಸಿನೆಸ್ ಬೆಳೆಸಿದವರು ನಿಜವಾಗಿ ಇದ್ದಾರಾ?

ಲೆಕ್ಕದ_ಪುಸ್ತಕ
ಕೇಳುವ ಮೊದಲು ಒಂದು ಕೆಲಸ ಇದೆ. ಹೋದವರಲ್ಲಿ ತಾವಾಗಿ ಕ್ಯಾನ್ಸಲ್ ಮಾಡಿದವರು ಎಷ್ಟು, ಪೇಮೆಂಟ್ ಫೇಲ್ ಆಗಿ ಉದುರಿದವರು ಎಷ್ಟು ನೋಡಿ. ರಿಸರ್ವ್ ಬ್ಯಾಂಕ್‌ನ ಆಟೋ ಡೆಬಿಟ್ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಯಾದ ಮೇಲೆ ದುಡ್ಡು ಕಡಿತಕ್ಕೆ 24 ಗಂಟೆ ಮುಂಚೆ ಗ್ರಾಹಕರಿಗೆ ಮೆಸೇಜ್ ಹೋಗಲೇಬೇಕು, ಮ್ಯಾಂಡೇಟ್ (ಪ್ರತಿ ತಿಂಗಳು ದುಡ್ಡು ಕಡಿತಕ್ಕೆ ಗ್ರಾಹಕರು ಕೊಡುವ ಒಪ್ಪಿಗೆ) ಸರಿಯಾಗಿ ನೋಂದಣಿ ಆಗಿರದಿದ್ದರೆ ಪೇಮೆಂಟ್ ಅಲ್ಲೇ ನಿಂತುಹೋಗುತ್ತದೆ. ಇಂಥವರಿಗೆ ಸಾಫ್ಟ್‌ವೇರ್ ಮೇಲೆ ಕೋಪವೇನೂ ಇಲ್ಲ. ಒಂದು ಯುಪಿಐ ಲಿಂಕ್ ಕಳಿಸಿದರೆ ಮುಗಿಯಿತು, ಸಂದರ್ಶನ ಬೇಡ.

ಕೀಬೋರ್ಡ್_ಕುಟ್ಟ
ಇದ್ದಾರೆ. ಸೂಪರ್‌ಹ್ಯೂಮನ್ ನೋಡಿ, ತಿಂಗಳಿಗೆ 30 ಡಾಲರ್ ತೆಗೆದುಕೊಳ್ಳುತ್ತಿದ್ದ ಇಮೇಲ್ ಆ್ಯಪ್. ಜಿಮೇಲ್ ಪುಕ್ಕಟೆ ಇರುವಾಗ! ಅದನ್ನ ಕಟ್ಟಿದ ರಾಹುಲ್ ವೋಹ್ರಾ ಬಳಕೆದಾರರಿಗೆ ಸ್ಟಾರ್ಟಪ್ ಮಾರ್ಕೆಟಿಂಗ್ ತಜ್ಞ ಶಾನ್ ಎಲಿಸ್ ಅವರ ಪ್ರಶ್ನೆ ಹಾಕಿದರು: ಇನ್ನು ಮೇಲೆ ಇದು ಸಿಗಲ್ಲ ಅಂದರೆ ನಿಮಗೆ ಹೇಗನಿಸುತ್ತದೆ? ಶೇ. 40 ಜನ 'ತುಂಬಾ ಬೇಜಾರು' ಅಂದರೆ ಆ್ಯಪ್ ಗಟ್ಟಿ ಅಂತ ಲೆಕ್ಕ, ಇವರಿಗೆ ಸಿಕ್ಕಿದ್ದು ಶೇ. 22. ನನಗೆ ಇಷ್ಟವಾದದ್ದು ಆಮೇಲಿನ ಕೆಲಸ. ತುಂಬಾ ಬೇಜಾರು ಅಂದವರು ಮೆಚ್ಚಿದ್ದು ವೇಗವನ್ನ. ಹಾಗಾಗಿ 'ಸ್ವಲ್ಪ ಬೇಜಾರು' ಅಂದವರಲ್ಲೂ ವೇಗ ಮೆಚ್ಚಿದವರ ದೂರನ್ನ ಮಾತ್ರ ತೆಗೆದುಕೊಂಡರು, ಉಳಿದವರ ಬೇಡಿಕೆ ಪಕ್ಕಕ್ಕಿಟ್ಟರು. ಮೊಬೈಲ್ ಆ್ಯಪ್ ಇಲ್ಲ ಅನ್ನುವುದೇ ಆ ವೇಗ ಮೆಚ್ಚಿದವರ ದೊಡ್ಡ ದೂರಾಗಿತ್ತು. ಅರ್ಧ ಕೆಲಸ ಇಂಥ ಕೊರತೆಗೆ, ಇನ್ನರ್ಧ ಕೆಲಸ ಜನ ಆಗಲೇ ಮೆಚ್ಚಿದ್ದನ್ನ ಇನ್ನೂ ಚೆನ್ನಾಗಿ ಮಾಡುವುದಕ್ಕೆ. 'ತುಂಬಾ ಬೇಜಾರು' ಅನ್ನುವವರ ಪ್ರಮಾಣ ಶೇ. 58ಕ್ಕೆ ಏರಿತು. ನಿಮ್ಮ ಫಾರ್ಮ್ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿತು, ಅಷ್ಟೇ.

ಊರೂರು_ಸೇಲ್ಸ್
ಫಾರ್ಮ್ ಬಿಡಿ, ಫೋನ್ ಮಾಡಿ. ಏನು ಬೇಕು ಅಂತ ಮಾತ್ರ ಕೇಳಬೇಡಿ, ಕೇಳಿದರೆ ಯಾರಾದರೂ ಏನಾದರೂ ಹೇಳಿಯೇ ಹೇಳುತ್ತಾರೆ, ನೀವು ಅದನ್ನ ಕಟ್ಟುತ್ತಾ ಕೂರುತ್ತೀರಿ, ಕೊನೆಗೆ ಅವರೇ ಬಳಸಲ್ಲ. ಕೊನೆಯ ಸಲ ಓಪನ್ ಮಾಡಿದ್ದು ಯಾವಾಗ, ಅವತ್ತು ಏನಾಯಿತು, ಈಗ ಆ ಕೆಲಸ ಹೇಗೆ ನಡೆಯುತ್ತಿದೆ ಅಂತ ಕೇಳಿ. ಇನ್ನೊಂದು ಮಾತು, ದುಡ್ಡು ಕೊಡೋದು ಡಾಕ್ಟರ್, ಬಳಸೋದು ರಿಸೆಪ್ಷನಿಸ್ಟ್. ನಾನು ನೋಡಿದ ಒಂದು ಕ್ಲಿನಿಕ್‌ನಲ್ಲಿ ಆಕೆ ಹೆಸರನ್ನ ಮೊದಲು ನೋಟ್‌ಬುಕ್‌ಗೆ ಬರೆದು, ರಶ್ ಕಮ್ಮಿಯಾದ ಮೇಲೆ ಕಂಪ್ಯೂಟರ್‌ಗೆ ಹಾಕುತ್ತಿದ್ದರು. ಡಬಲ್ ಕೆಲಸ ಅಲ್ವಾ? ಡಾಕ್ಟರ್‌ಗೆ ಇದರ ಸುಳಿವೇ ಇರಲಿಲ್ಲ. ಅವರನ್ನ ಕೇಳಿದ್ದರೆ 'ರೇಟ್ ಜಾಸ್ತಿ' ಅನ್ನುತ್ತಿದ್ದರು.

ಟೋಕನ್_ನಂಬರ್
ಪೇಮೆಂಟ್ ಪಟ್ಟಿ ಇವತ್ತೇ ತೆಗೆಸುತ್ತೇನೆ. ಆದರೆ ನಮ್ಮ ಹತ್ತಿರ ಇರೋದೆಲ್ಲ ಡಾಕ್ಟರ್‌ಗಳ ನಂಬರ್. ರಿಸೆಪ್ಷನಿಸ್ಟ್ ಹತ್ತಿರ ಮಾತಾಡೋದು ಹೇಗೆ?

ಊರೂರು_ಸೇಲ್ಸ್
ನಿಮ್ಮ ಸಪೋರ್ಟ್ ಹುಡುಗರ ಕಾಲ್ ಲಾಗ್ ನೋಡಿ. ಪಾಸ್‌ವರ್ಡ್ ಮರೆತೆ ಅಂತ ಫೋನ್ ಮಾಡೋರೆಲ್ಲ ಅವರೇ.