ಪದಚರ್ಚೆ: ಗಿಟಾರ್ ಆಂಪ್‌ನ ‘ಪವರ್ ಟ್ಯೂಬ್’ಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಗಿಟಾರ್ ನುಡಿಸುವ ನಾಲ್ಕೈದು ಗೆಳೆಯರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಆಂಪ್ಲಿಫೈಯರ್‌ನ ಪವರ್ ಟ್ಯೂಬ್ (ಸ್ಪೀಕರನ್ನು ನಡೆಸುವ, ಗಾಜಿನ ಬುರುಡೆಯ ಭಾಗ) ಸವೆದಾಗ ಬದಲಿಗೆ ಯಾವುದನ್ನು ತರಬೇಕು, ತಂದ ಮೇಲೆ ಏನು ನೋಡಬೇಕು ಎನ್ನುವುದಷ್ಟೇ ಅದರ ವಿಷಯ. ಕೆಲಸ ಗೊತ್ತಿದೆ, ಆದರೆ ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ನಿಮ್ಮ ನೆರವು ಬೇಕು.

ಮೊದಲ ಕರಡಿನಲ್ಲಿ ‘ಶಕ್ತಿ ನಳಿಕೆ’ ಎಂದು ಬರೆದಿದ್ದೆ. ಅದನ್ನು ಓದಿದ ಹುಡುಗನೊಬ್ಬ ಫೋನ್ ಮಾಡಿ, “ಅಣ್ಣಾ, ಶಕ್ತಿ ನಳಿಕೆ ಸಿಕ್ತು, ಆರ್ಡರ್ ಮಾಡ್ಲಾ?” ಎಂದು ಫೋಟೋ ಕಳಿಸಿದ. ನೋಡಿದರೆ ಅದು ಜಿಝೆಡ್34, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅವನಿಗೆ ಬೇಕಾಗಿದ್ದದ್ದು ಪವರ್ ಟ್ಯೂಬ್ ಆದ ಇಎಲ್34. ಶಕ್ತಿ ಅಂದರೆ ಪವರ್, ಪವರ್ ಅಂದರೆ ಕರೆಂಟು, ಹಾಗಾಗಿ ಕರೆಂಟು ಬರುವ ಕಡೆ ಇರುವುದೇ ಶಕ್ತಿ ನಳಿಕೆ ಎಂದು ಅವನು ಲೆಕ್ಕ ಹಾಕಿದ್ದ. ಎರಡೂ ಎಂಟು ಕಾಲಿನ ಸಾಕೆಟ್ಟಿಗೇ ಕೂರುತ್ತವೆ, ಎರಡರ ಮೇಲೂ 34. ಅವನದೇನೂ ತಪ್ಪಿಲ್ಲ, ನನ್ನ ಪದ ತಪ್ಪು. ಅಂದೇ ಆ ಪದವನ್ನು ಹೊಡೆದುಹಾಕಿದೆ.

‘ಟ್ಯೂಬ್’ ಎಂದರೆ ನಮ್ಮಲ್ಲಿ ಸೈಕಲ್ ಟ್ಯೂಬು, ಇಲ್ಲವೇ ಟ್ಯೂಬ್‌ಲೈಟು. ‘ಕವಾಟ’ವನ್ನು ಹೃದಯದ ವೈದ್ಯರು ತೆಗೆದುಕೊಂಡಾಗಿದೆ. ಆದರೆ ನಮ್ಮ ಮನೆಗಳಲ್ಲಿ ಒಂದು ಮಾತು ಮೊದಲಿಂದ ಇತ್ತಲ್ಲ, ‘ವಾಲ್ವ್ ರೇಡಿಯೋ’! 1904ರಲ್ಲಿ ಫ್ಲೆಮಿಂಗ್ ತಮ್ಮ ಎರಡು ಎಲೆಕ್ಟ್ರೋಡಿನ ಬಲ್ಬಿಗೆ ವಾಲ್ವ್ ಎಂದದ್ದು, ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂಬ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಆ ಹೆಸರು ಉಳಿಯಿತು, ಅಮೆರಿಕದಲ್ಲಿ ಟ್ಯೂಬ್ ಆಯಿತು. ನಮಗೆ ಬಂದದ್ದು ಇಂಗ್ಲೆಂಡಿನ ಹೆಸರು. ನನಗೆ ಗೊತ್ತಿದ್ದ ಹಿರಿಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಸ್ಪೀಕರನ್ನು ನಡೆಸುವ ವಾಲ್ವನ್ನು ‘ಔಟ್‌ಪುಟ್ ವಾಲ್ವ್’ ಎನ್ನುತ್ತಿದ್ದರು. ಹಳೆಯದಾಗಿ ದನಿ ಕುಗ್ಗಿದರೆ ಅವರ ಬಾಯಲ್ಲಿ ಬರುತ್ತಿದ್ದದ್ದು “ವಾಲ್ವ್ ಸುಸ್ತಾಗಿದೆ” ಎಂಬ ಮಾತು. ವಾಲ್ವಿನೊಳಗಿನ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಮೊದಲಿನಷ್ಟು ಹೊರಡುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ. ಎರಡನ್ನೂ ಕೈಪಿಡಿಗೆ ಹಾಗೇ ಎತ್ತಿಕೊಂಡಿದ್ದೇನೆ.

ವಾಲ್ವಿನ ಮೇಲಿನ ಅಕ್ಷರಗಳೂ ಒಂದು ಭಾಷೆಯೇ. ಯುರೋಪಿನ ಪದ್ಧತಿಯಲ್ಲಿ ‘ಇ’ ಎಂದರೆ ಕ್ಯಾಥೋಡನ್ನು ಕಾಯಿಸುವ ಹೀಟರಿಗೆ 6.3 ವೋಲ್ಟ್, ‘ಎಲ್’ ಎಂದರೆ ಔಟ್‌ಪುಟ್ ಪೆಂಟೋಡ್ (ಐದು ಎಲೆಕ್ಟ್ರೋಡಿನ ವಾಲ್ವ್), 3ರಿಂದ ಶುರುವಾದರೆ ಎಂಟು ಕಾಲಿನ ಆಕ್ಟಲ್ ಬುಡ, 8ರಿಂದ ಶುರುವಾದರೆ ಒಂಬತ್ತು ಕಾಲಿನ ಚಿಕ್ಕ ಬುಡ. ‘ಜಿ’ ಎಂದರೆ 5 ವೋಲ್ಟ್, ‘ಝೆಡ್’ ಎಂದರೆ ರೆಕ್ಟಿಫೈಯರ್. ಇಷ್ಟು ಓದಲು ಬಂದರೆ ಆ ಹುಡುಗ ಎಡವುತ್ತಿರಲಿಲ್ಲ. ಅಮೆರಿಕದ ಔಟ್‌ಪುಟ್ ವಾಲ್ವ್ 6ಎಲ್6ನಲ್ಲಿ ಮೊದಲ 6 ಕೂಡ ಹೀಟರಿನದೇ. ಆದರೆ ಸಾಕೆಟ್ಟಿಗೆ ಕೂತಿತು ಎಂದ ಮಾತ್ರಕ್ಕೆ 6ಎಲ್6 ಜಾಗಕ್ಕೆ ಇಎಲ್34 ಹಾಕುವಂತಿಲ್ಲ. 6ಎಲ್6ರದೇ ಒಂದು ಬಗೆಯಾದ 6ಎಲ್6ಜಿಸಿ ಹೀಟರಿಗೆ 0.9 ಆಂಪಿಯರ್ ಸಾಕು, ಇಎಲ್34 1.5 ಕೇಳುತ್ತದೆ. ಇಎಲ್34ರ ಒಂದನೇ ಕಾಲಿಗೂ ಕೆಲಸವಿದೆ, ಅದನ್ನು ಕ್ಯಾಥೋಡಿಗೆ ಸೇರಿಸಿರಬೇಕು.

ಒಂದೇ ಅಳತೆಗೆ ಹೊಂದಿಸಿದ ಎರಡು ವಾಲ್ವುಗಳ ‘ಮ್ಯಾಚ್ಡ್ ಪೇರ್’ಗೆ ‘ಸರಿಜೋಡಿ’ ಎಂದಿದ್ದೇನೆ. ಒಂದು ವಾಲ್ವ್ ಅಲೆಯ ಮೇಲರ್ಧ ಎಳೆಯುತ್ತದೆ, ಇನ್ನೊಂದು ಕೆಳಗಿನರ್ಧ. ಎರಡೂ ಸಮ ಇಲ್ಲದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ, ಗುಂಯ್ ಎನ್ನುವ ಹಮ್ ಹೆಚ್ಚುತ್ತದೆ. ಇದಕ್ಕೆ ಯಾರ ತಕರಾರೂ ಇರಲಾರದು.

ಈಗ ನಿಜವಾದ ತೊಡಕು, ‘ಬಯಾಸ್’. ನಿಘಂಟು ಪಕ್ಷಪಾತ, ಪೂರ್ವಗ್ರಹ ಎನ್ನುತ್ತದೆ. ವಾಲ್ವಿಗೆ ಯಾವ ಪೂರ್ವಗ್ರಹ? ಇಲ್ಲಿ ನಡೆಯುವುದು ಬೇರೆ. ತಂತಿ ಮೀಟದೆ ಸುಮ್ಮನಿದ್ದಾಗಲೂ ವಾಲ್ವಿನಲ್ಲಿ ಒಂದಿಷ್ಟು ಕರೆಂಟು ಹರಿಯುತ್ತಿರುತ್ತದೆ. ಅದು ಎಷ್ಟಿರಬೇಕು ಎಂದು ಹಿಡಿದಿಡುವುದು ಗ್ರಿಡ್ಡಿಗೆ (ಎಲೆಕ್ಟ್ರಾನುಗಳ ದಾರಿಯಲ್ಲಿರುವ ತಂತಿಯ ಸುರುಳಿಗೆ) ಕೊಡುವ ಮೈನಸ್ ವೋಲ್ಟೇಜು, ಅದೇ ಬಯಾಸ್. ಎಲೆಕ್ಟ್ರಾನುಗಳು ಹೋಗಿ ಸೇರುವ ಲೋಹದ ತಗಡೇ ಪ್ಲೇಟು. ಇಎಲ್34ರ ಪ್ಲೇಟು ತಡೆಯುವುದು 25 ವಾಟ್. ರೂಢಿಯಲ್ಲಿ ಅದರ ಶೇಕಡಾ 70, ಅಂದರೆ 17.5 ವಾಟ್ ದಾಟಿಸುವುದಿಲ್ಲ. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ ಸುಮಾರು 39 ಮಿಲಿಆಂಪಿಯರ್. ಮಿತಿ ತೀರಾ ಮೀರಿದರೆ ಕತ್ತಲಲ್ಲಿ ನೋಡಿ, ಬೂದು ಬಣ್ಣದ ಪ್ಲೇಟಿನ ನಡುವೆ ಕೆಂಡದಂಥ ಪಟ್ಟಿ ಮೂಡಿರುತ್ತದೆ. ತೀರಾ ಕಡಿಮೆಯಾದರೆ ದನಿ ಒಣಗುತ್ತದೆ.

ನನಗೆ ತೋಚಿದ್ದು ‘ಕಡಿವಾಣ’. ಕಡಿವಾಣ ಬಿಗಿ ಮಾಡು, ಸಡಿಲ ಮಾಡು ಎಂದರೆ ಕೈ ಯಾವ ಕಡೆ ತಿರುಗಬೇಕೆಂದು ತಿಳಿಯುತ್ತದೆ. ಸುಮ್ಮನಿದ್ದಾಗಿನ ಕರೆಂಟಿಗೆ ‘ಜಿನುಗು’. ಆದರೆ ಡಯೋಡಿನಲ್ಲಿ ಕರೆಂಟು ಹರಿಯುವಂತೆ ಮಾಡುವ ಫಾರ್ವರ್ಡ್ ಬಯಾಸಿಗೆ ಕಡಿವಾಣ ಹೊಂದುವುದಿಲ್ಲ. ಜಿನುಗು ಎಂದರೆ ಸೋರಿಕೆ ಎಂದುಕೊಳ್ಳುವ ಅಪಾಯವೂ ಇದೆ. ಪಾಠ ಮಾಡುವವರು ಏನನ್ನುತ್ತೀರಿ? (ಕೈಪಿಡಿಯಲ್ಲಿ ಈ ಭಾಗಕ್ಕೆ ಮೊದಲೇ ದಪ್ಪಕ್ಷರದಲ್ಲಿ ಬರೆದಿದ್ದೇನೆ: ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ಗೊತ್ತಿಲ್ಲದವರು ಕೈ ಹಾಕಬೇಡಿ.)

ಇನ್ನೊಂದು ಪದ ‘ಬ್ರೇಕಪ್’. ವಾಲ್ಯೂಮ್ ಏರಿಸುತ್ತಾ ಹೋದಂತೆ ತಿಳಿಯಾಗಿದ್ದ ನಾದ ಒಂದು ಹಂತದಲ್ಲಿ ಒರಟಾಗಿ, ಅಂಚು ಹರಿದಂತೆ ಆಗುತ್ತದಲ್ಲ, ಅದು. 6ವಿ6 ಎಂಬ ಚಿಕ್ಕ ಔಟ್‌ಪುಟ್ ವಾಲ್ವಿನ ಜೋಡಿ ಬೇಗ ಅಲ್ಲಿಗೆ ಬರುತ್ತದೆ, 6ಎಲ್6 ಬಹಳ ಹೊತ್ತು ತಿಳಿಯಾಗೇ ಇರುತ್ತದೆ. ಆಂಪ್ ಕೊಳ್ಳುವಾಗ ಗಿಟಾರಿನವರು ಹುಡುಕುವುದು ಇದನ್ನೇ. ‘ವಿರೂಪ’ ಎಂದರೆ ಬೈದಂತಾಗುತ್ತದೆ. ‘ದನಿ ಒಡೆಯುವುದು’ ಎಂದು ಬರೆದೆ. ಹಾಲು ಒಡೆದರೆ ಕೆಟ್ಟಿತು, ಗಂಡುಹುಡುಗರ ದನಿ ಒಡೆದರೆ ಬೆಳೆದ, ಗಿಡ ಚಿಗುರೊಡೆದರೆ ಸಂತೋಷ. ಕೆಡುವುದು, ಅರಳುವುದು ಎರಡೂ ಈ ಒಂದೇ ಧಾತುವಿನಲ್ಲಿ ಇರುವುದರಿಂದ ಇದೇ ಸರಿ ಅನ್ನಿಸಿದೆ. ‘ನಾದವೊಡೆ’ ಎಂದು ಸಮಾಸ ಮಾಡಿದರೆ ಕಿವಿಗೆ ಹಿತವೇ?

ಕೊನೆಯದಾಗಿ, ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದವು. ಅಲ್ಲಿ ಗ್ರಿಡ್ ಸುತ್ತಿದ, ಗಾಜು ಮುಚ್ಚಿದ ಕೈಗಳು ಊಟದ ಹೊತ್ತಿನಲ್ಲಿ ಆ ಕೆಲಸದ ಬಗ್ಗೆ ಕನ್ನಡದಲ್ಲೇ ಮಾತಾಡಿರಬೇಕಲ್ಲ. ನಿಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಯಾರಾದರೂ ಅಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಗಾಜಿನ ನೆತ್ತಿಯಲ್ಲಿ ಬೆಳ್ಳಿ ಬಳಿದಂತೆ ಹೊಳೆಯುವ ಒಂದು ಕಲೆ ಇರುತ್ತದೆ, ಒಳಗೆ ಗಾಳಿ ಹೊಕ್ಕರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಅದಕ್ಕೆ ಅವರು ಏನನ್ನುತ್ತಿದ್ದರು?