ಅದೇ ಪಾತಿ, ಅದೇ ಆರೈಕೆ. ಆದರೂ ಟೊಮೆಟೊ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದೆ, ಯಾಕೆ?

ಹಿತ್ತಲಪ್ರೀತಿ:
ಮನೆ ಹಿಂದೆ ಚೆನ್ನಾಗಿ ಬಿಸಿಲು ಬೀಳೋದು ಒಂದೇ ಪಾತಿಗೆ. ಹಾಗಾಗಿ ಟೊಮೆಟೊ ಯಾವಾಗಲೂ ಅಲ್ಲೇ ಹಾಕುತ್ತೇನೆ. ಮೊದಲ ವರ್ಷ ಗಿಡ ಹೊರಲಾರದಷ್ಟು ಕಾಯಿ ಬಿಟ್ಟಿತ್ತು. ಹೋದ ವರ್ಷ ಪರವಾಗಿಲ್ಲ ಅನ್ನೋ ಹಾಗಿತ್ತು. ಈ ಸಲ ಗಿಡ ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ನಿಂತಿದೆ. ಮಧ್ಯಾಹ್ನ ಎಲೆಗಳು ಜೋತು ಬೀಳುತ್ತವೆ, ಸಂಜೆಗೆ ಚೇತರಿಸಿಕೊಳ್ಳುತ್ತವೆ. ಕೆಳಗಿನ ಎಲೆಗಳೆಲ್ಲ ಹಳದಿ. ನೀರು, ಗೊಬ್ಬರ ಎರಡೂ ಕಡಿಮೆ ಮಾಡಿಲ್ಲ. ಪ್ರತಿ ವರ್ಷ ಒಂದೇ ಥರ ಫಸಲು ತೆಗೆಯೋರು ಏನು ಮಾಡುತ್ತೀರಿ?

ಎಲೆಬಳ್ಳಿ:
ಎಲೆ ಹಳದಿ ಅಂದರೆ ಸಾರಜನಕ ಸಾಲುತ್ತಿಲ್ಲ. ಸ್ವಲ್ಪ ಯೂರಿಯಾ ಕೊಟ್ಟು ನೋಡಿ. ಬೀಜ ನೀವೇ ಎತ್ತಿಟ್ಟಿದ್ದಾ? ಹೈಬ್ರಿಡ್ ಹಣ್ಣಿನ ಬೀಜ ಆದರೆ ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ ಬರುತ್ತೆ.

ಮಣ್ಣುಕೈ:
ಯೂರಿಯಾ ಬೇಡ ಮಾರಾಯ್ರೆ. ಗಿಡ ಬರೀ ಎಲೆ ಬಿಡುತ್ತೆ, ಹೂ ಹಿಂದೆ ಬೀಳುತ್ತೆ. ಗೊಬ್ಬರದ ಮಾತು ಆಮೇಲೆ, ಬೇರು ನೋಡಿದ್ದೀರಾ?

ತೀರಾ ಸೊರಗಿದ ಒಂದು ಗಿಡದ ಆಸೆ ಬಿಡಿ. ಎಳೆದು ಕೀಳಬೇಡಿ. ಎಳೆದರೆ ಸಣ್ಣ ಬೇರು ಮಣ್ಣಲ್ಲೇ ಉಳಿದುಬಿಡುತ್ತೆ, ನೋಡಬೇಕಾದ್ದೇ ಅದನ್ನ. ಸುತ್ತ ಮಣ್ಣು ಸಡಿಲ ಮಾಡಿ ಎತ್ತಿ, ಬಕೆಟ್ ನೀರಲ್ಲಿ ಅದ್ದಿ ಮೆಲ್ಲಗೆ ತೊಳೆಯಿರಿ. ಬೇರಿನಲ್ಲಿ ಗಂಟು ಇವೆಯಾ? ಬೀನ್ಸ್ ಬೇರಲ್ಲೂ ಗಂಟು ಇರುತ್ತೆ, ಅದು ಒಳ್ಳೆಯದೇ, ಉಗುರಿನಿಂದ ಉಜ್ಜಿದರೆ ಕಳಚಿ ಬರುತ್ತೆ. ಟೊಮೆಟೊದ್ದು ಹಾಗಲ್ಲ, ಬೇರೇ ಊದಿಕೊಂಡಿರುತ್ತೆ, ಕಳಚೋದಿಲ್ಲ. ಅದು ಬೇರುಗಂಟು ಜಂತುಹುಳುವಿನ ಕೆಲಸ, ಅಂದರೆ ಬೇರಿನೊಳಗೆ ಸೇರೋ, ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿನ ಹುಳು.

ಗಂಟು ಇಲ್ಲದಿದ್ದರೆ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕತ್ತರಿಸಿದ ತುದಿ ಗಾಜಿನ ಲೋಟದ ನೀರಿಗೆ ತಾಗುವ ಹಾಗೆ ಅಲುಗಾಡದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಬಿಳಿ ಎಳೆ ನೀರಿಗೆ ಇಳಿದರೆ ದುಂಡಾಣು ಸೊರಗು ರೋಗ. ಎಳೆ ಇಲ್ಲದೆ, ಕಾಂಡ ಸೀಳಿದಾಗ ಸಿಪ್ಪೆಯ ಒಳಗೆ ಉದ್ದಕ್ಕೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಥರದ ಶಿಲೀಂಧ್ರ. ಈ ಮೂರೂ ಮಣ್ಣಲ್ಲೇ ಕೂತು ಮುಂದಿನ ಟೊಮೆಟೊಗೆ ಕಾಯುತ್ತವೆ. ಮೊದಲ ವರ್ಷ ಚೆನ್ನಾಗಿ ಬಂದು ಆಮೇಲೆ ಇಳಿಯೋದು ಹೀಗೇ. ನೋಡಿ ಹೇಳಿ.

ಹಿತ್ತಲಪ್ರೀತಿ:
ಬೀಜ ಪ್ಯಾಕೆಟ್‌ದೇ. ಬೇರು ತೊಳೆದು ನೋಡಿದೆ, ಅಬ್ಬಾ! ಹಸಿ ಶುಂಠಿ ಥರ ಊದಿಕೊಂಡಿದೆ, ಉಜ್ಜಿದರೂ ಕಳಚಲಿಲ್ಲ. ಲೋಟದ ಪರೀಕ್ಷೆಯಲ್ಲಿ ಏನೂ ಇಳಿಯಲಿಲ್ಲ. ಬಿಸಿಲಿರೋ ಬೇರೆ ಜಾಗ ಇಲ್ಲವಲ್ಲ, ಟೊಮೆಟೊ ಬಿಟ್ಟೇ ಬಿಡಬೇಕಾ?

ಮಣ್ಣುಕೈ:
ಯಾಕೆ ಬಿಡ್ತೀರಿ? ಪಾತಿಗೆ ರಜೆ ಕೊಡಿ, ಟೊಮೆಟೊಗಲ್ಲ.

ಈ ಸಲದ ಗಿಡಗಳ ಬುಡಕ್ಕೆ ಒಣಹುಲ್ಲು ದಪ್ಪಗೆ ಹೊದಿಸಿ, ನೀರು ತಪ್ಪಿಸಬೇಡಿ, ಬಂದಷ್ಟು ಕಾಯಿ ಕೀಳಿ. ಮುಗಿದ ಮೇಲೆ ಬೇರು ಸಮೇತ ತೆಗೆದು ಹೊರಗೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಕಡುಬೇಸಿಗೆಯಲ್ಲಿ ಪಾತಿಗೆ ನೀರು ಹಾಯಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಮಣ್ಣಲ್ಲಿ ಹೂತು 4ರಿಂದ 6 ವಾರ ಬಿಡಿ. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯೋದಿಲ್ಲ. ಇದರಿಂದ ಮೇಲ್ಮಣ್ಣಿನ ಹುಳು ಸಾಯುತ್ತವೆ, ಆಳದಲ್ಲಿದ್ದವು ಮತ್ತೆ ಮೇಲೆ ಬರುತ್ತವೆ. ಅದಕ್ಕೇ ಆಮೇಲೆ ಒಂದು ಹಂಗಾಮು ಪಾತಿ ತುಂಬ ಚೆಂಡುಹೂ ಒತ್ತಾಗಿ ಬೆಳೆಸಿ, ಅದರ ಬೇರು ಈ ಹುಳುಗಳನ್ನು ತಗ್ಗಿಸುತ್ತೆ. ಅಂಚಿಗೆ ನಾಲ್ಕು ಗಿಡ ನೆಟ್ಟರೆ ಸುಮ್ನೆ ನೋಡೋಕೆ ಚಂದ, ಅಷ್ಟೇ. ಬದಲಿಗೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ, ಎಲ್ಲ ಟೊಮೆಟೊ ಕುಟುಂಬದವೇ. ಬೆಂಡೆ ಬೇರೆ ಕುಟುಂಬ, ಆದರೂ ಈ ಹುಳುವಿಗೆ ಅದೂ ಇಷ್ಟ.

ಅಲ್ಲಿವರೆಗೆ ಕುಂಡ. ಒಂದು ಗಿಡಕ್ಕೆ ಕನಿಷ್ಠ 20 ಲೀಟರ್‌ದು. ಮಣ್ಣು ಬೇರೆ ಕಡೆಯದು, ಪಾತಿಯದು ಒಂದು ಹಿಡಿಯೂ ಬೇಡ. ಬಿಸಿಲಿಗೋಸ್ಕರ ಪಾತಿ ಪಕ್ಕದಲ್ಲೇ ಇಡಿ, ಆದರೆ ಇಟ್ಟಿಗೆ ಮೇಲೆ. ನೆಲಕ್ಕಿಟ್ಟರೆ ತಳದ ತೂತಿನಿಂದ ಬೇರು ಕೆಳಗಿಳಿದು ಅದೇ ಮಣ್ಣು ಸೇರುತ್ತೆ. ಸಸಿ ನೆಡುವಾಗ ಕೆಳಗಿನ ಎಲೆ ಚಿವುಟಿ ಕಾಂಡವನ್ನು ಆಳಕ್ಕೆ ಹೂಳಿ, ಹೂತ ಕಾಂಡದಿಂದಲೂ ಬೇರು ಬರುತ್ತೆ.

ಪ್ಯಾಕೆಟ್ ಮೇಲೆ ವಿ, ಎಫ್, ಎನ್ ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಗಮನಿಸಿ. ವಿ, ಎಫ್ ಅಂದರೆ ಶಿಲೀಂಧ್ರದ ಸೊರಗು ತಡೆಯೋ ತಳಿ, ಎನ್ ಅಂದರೆ ಈ ಜಂತುಹುಳು ತಡೆಯೋ ತಳಿ. ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಆ ತಡೆ ಕುಂದುತ್ತೆ, ಹಾಗಾಗಿ ಬುಡಕ್ಕೆ ಹೊದಿಕೆ ಇರಲೇಬೇಕು.

ಎಲೆಬಳ್ಳಿ:
ಯೂರಿಯಾ ಮಾತು ವಾಪಸ್ 😄 ನನ್ನ ಕುಂಡದಲ್ಲಿ ಕಾಯಿಯ ತಳ ಕಪ್ಪಾಗುತ್ತಲ್ಲ, ಅದಕ್ಕೆ ಮೊಟ್ಟೆ ಚಿಪ್ಪು ಸಾಕಾ?

ಮಣ್ಣುಕೈ:
ಚಿಪ್ಪು ಕರಗೋ ಹೊತ್ತಿಗೆ ಫಸಲೇ ಮುಗಿದಿರುತ್ತೆ. ಹೆಚ್ಚಿನ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತೆ, ಅದನ್ನು ಕಾಯಿಗೆ ಒಯ್ಯೋ ನೀರು ಏರುಪೇರಾಗಿರುತ್ತೆ. ಒಂದು ದಿನ ತುಂಬಿ ಹರಿಸಿ ಎರಡು ದಿನ ಒಣಗಿಸಬೇಡಿ.

ಹಿತ್ತಲಪ್ರೀತಿ:
ಗುದ್ದಲಿ ಒಂದೇ ಇರೋದು. ಅದನ್ನೇ ಕುಂಡಕ್ಕೂ ಬಳಸಬಹುದಾ?

ಮಣ್ಣುಕೈ:
ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ ಬಳಸಿ. ಚಪ್ಪಲಿ ತಳವನ್ನೂ ಮರೀಬೇಡಿ.