ಅಪ್‌ಡೇಟ್: ಡೆಬಿಯನ್ 13ರಲ್ಲಿ ವರ್ಚುವಲ್‌ಬಾಕ್ಸ್ ಮತ್ತೆ ಓಡುತ್ತಿದೆ

ಲಿನಕ್ಸ್‌ನ ಡೆಬಿಯನ್ ಆವೃತ್ತಿ 12ರಿಂದ 13ಕ್ಕೆ ಬಂದ ಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಯಾವ ವರ್ಚುವಲ್ ಯಂತ್ರವೂ ಏಳುತ್ತಿಲ್ಲ, ವಿಟಿ-ಎಕ್ಸ್ (ಇದಕ್ಕೆ ನೆರವಾಗುವ ಇಂಟೆಲ್ ಪ್ರೊಸೆಸರ್‌ನ ಸೌಲಭ್ಯ) ಅನ್ನು ಬೇರೊಂದು ಹೈಪರ್‌ವೈಸರ್, ಅಂದರೆ ಇಂಥದ್ದೇ ಇನ್ನೊಂದು ತಂತ್ರಾಂಶ, ಬಳಸುತ್ತಿದೆ ಎಂಬ ದೋಷ ಸಂದೇಶ ಬರುತ್ತಿದೆ, ಏನು ಮಾಡಲಿ ಎಂದು ಈ ಹಿಂದೆ ಪ್ರಶ್ನೆ ಹಾಕಿದ್ದೆ. ಬಗೆಹರಿಯಿತು. ಬಯಾಸ್‌ನಲ್ಲಿ ವಿಟಿ-ಎಕ್ಸ್ ಆನ್ ಇದೆಯೇ ನೋಡಿ, ವರ್ಚುವಲ್‌ಬಾಕ್ಸ್‌ನ ಕರ್ನಲ್ ಮಾಡ್ಯೂಲ್ ಮತ್ತೆ ಕಟ್ಟಿ ಎಂದವರಿಗೆ ಧನ್ಯವಾದ; ಅವೆರಡೂ ಸರಿಯಾಗಿಯೇ ಇದ್ದವು.

ಕಾರಣ ಇದ್ದದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ. ಡೆಬಿಯನ್ 12ರ ಹಳೆಯ 6.1 ಕರ್ನಲ್‌ನಲ್ಲಿ ಕೆವಿಎಂ (ಲಿನಕ್ಸ್‌ನದೇ ಹೈಪರ್‌ವೈಸರ್) ಮಾಡ್ಯೂಲ್ ತನ್ನ ಪಾಡಿಗೆ ಕುಳಿತಿರುತ್ತಿತ್ತು; ಅದರ ಅಡಿಯಲ್ಲಿ ಯಂತ್ರವೊಂದು ಶುರುವಾದಾಗ ಮಾತ್ರ ವಿಟಿ-ಎಕ್ಸ್ ಹಿಡಿಯುತ್ತಿತ್ತು. ಡೆಬಿಯನ್ 13ರಲ್ಲಿರುವ 6.12ರಿಂದ ಲೋಡ್ ಆದ ಕ್ಷಣವೇ ಹಿಡಿದುಕೊಳ್ಳುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ.

ಪರೀಕ್ಷೆಗೆಂದು ಕೆವಿಎಂ ಮಾಡ್ಯೂಲ್ ತೆಗೆಯುವ ‘ಸುಡೊ ಮಾಡ್‌ಪ್ರೋಬ್ -ಆರ್ ಕೆವಿಎಂ_ಇಂಟೆಲ್’ ಆದೇಶ ಕೊಟ್ಟೆ. ವರ್ಚುವಲ್‌ಬಾಕ್ಸ್‌ನಲ್ಲಿದ್ದ ವಿಂಡೋಸ್ 10 ತಕ್ಷಣ ಎದ್ದಿತು. ರೀಬೂಟ್ ಮಾಡಿದರೆ ಮತ್ತೆ ಅದೇ ರಾಗ. ಹಾಗಾಗಿ ಗ್ರಬ್‌ನ (ಬೂಟ್ ಆಗುವಾಗ ಕರ್ನಲ್ ಶುರುಮಾಡುವ ತಂತ್ರಾಂಶ) ಕರ್ನಲ್ ಸಾಲಿಗೆ ‘ಕೆವಿಎಂ.ಎನೇಬಲ್_ವರ್ಟ್_ಅಟ್_ಲೋಡ್=0’, ಅಂದರೆ ಲೋಡ್ ಆದ ಕ್ಷಣವೇ ಹಿಡಿಯಬೇಡ ಎಂದು, ಸೇರಿಸಿ ‘ಅಪ್‌ಡೇಟ್-ಗ್ರಬ್’ ಓಡಿಸಿದೆ.

ಕೆವಿಎಂ ಲೋಡ್ ಆಗದಂತೆಯೇ ಬ್ಲ್ಯಾಕ್‌ಲಿಸ್ಟ್ ಮಾಡುವ ಉಪಾಯ ನನಗೆ ಒಗ್ಗಲಿಲ್ಲ, ಕೆವಿಎಂ ಬಳಸಿ ಯಂತ್ರ ಓಡಿಸುವ ಕ್ಯೂಎಂಯು ಕೂಡ ಬೇಕಲ್ಲ! ಈಗ ಎರಡೂ ನಡೆಯುತ್ತವೆ, ಒಟ್ಟಿಗೆ ಓಡಿಸುವಂತಿಲ್ಲ ಅಷ್ಟೇ. ಎಎಂಡಿ ಪ್ರೊಸೆಸರ್ ಇರುವವರು ಮಾಡ್‌ಪ್ರೋಬ್ ಸಾಲಿನಲ್ಲಿ ಕೆವಿಎಂ_ಎಎಂಡಿ ಎಂದು ಕೊಡಬೇಕು. ಗ್ರಬ್ ಸಾಲು ಅದೇ.